‘ಇನ್ನೂ ಬಂದಿಲ್ಲ’ ಅಂದ್ರೆ ಏನು ಬಂದಿಲ್ಲ?

ರಕ್ತಪರೀಕ್ಷೆ ಲ್ಯಾಬ್ ಒಂದಕ್ಕೆ, ಮೆಸೇಜ್‌ಗೆ ತಾನೇ ಉತ್ತರಿಸೋ ವಾಟ್ಸಾಪ್ ಬಾಟ್ ಮಾಡಿಕೊಟ್ಟೆ. ಬಾಟ್ ಕಟ್ಟೋಕೆ ರಾಸಾ ಅನ್ನೋ ಸಾಫ್ಟ್‌ವೇರ್, ಮೆಸೇಜ್‌ನ ಉದ್ದೇಶ (ಇಂಟೆಂಟ್) ಯಾವುದು ಅಂತ ಗುರುತಿಸೋಕೆ ಅದರದೇ ಡಯಟ್ ಕ್ಲಾಸಿಫೈಯರ್. ‘ಈಗಲೂ ಇಂಟೆಂಟ್ ಬರೀತಾ ಕೂರ್ತೀರಾ ಸಾರ್? ಚಾಟ್‌ಜಿಪಿಟಿ ಥರದ ದೊಡ್ಡ ಮಾಡೆಲ್ ಹಾಕಿ ಮುಗಿಸಿ’ ಅಂತ ಜೊತೆಯವರು ನಕ್ಕರು. ಅದನ್ನೂ ಹಾಕಿ ನೋಡಿದೆವು. ಕನ್ನಡ ಲಿಪಿ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ (ಮಾಡೆಲ್ ಪಠ್ಯವನ್ನು ಒಡೆಯೋ ತುಣುಕು, ಬಿಲ್ ಬರೋದು ಇದರ ಲೆಕ್ಕದಲ್ಲಿ) ತಿನ್ನುತ್ತೆ ಅಲ್ವಾ? ತಿಂಗಳ ಬಿಲ್ ಹೆಚ್ಚುಕಡಿಮೆ 30 ಸಾವಿರ. ‘ಫೋನ್ ಎತ್ತೋಕೆ ಇನ್ನೊಬ್ಬರನ್ನ ಇಟ್ಕೊಳ್ತೀನಿ ಬಿಡಿ’ ಎಂದರು ಮಾಲೀಕರು.

ಮತ್ತೆ ಇಂಟೆಂಟ್‌ಗೇ ವಾಪಸ್. ತಲೆನೋವು ಇದ್ದದ್ದು ‘ಇನ್ನೂ ಬಂದಿಲ್ಲ’ ಅನ್ನೋ ಮೆಸೇಜ್‌ನಲ್ಲಿ. ಸ್ಯಾಂಪಲ್ ತಗೊಳ್ಳೋ ಹುಡುಗ ಬಂದಿಲ್ಲವೋ, ರಿಪೋರ್ಟೋ, ರೀಫಂಡೋ? ಮೂರು ಇಂಟೆಂಟ್‌ಗೂ ಉದಾಹರಣೆ ಸುರಿದದ್ದು ದಂಡ. ಫಾಲ್‌ಬ್ಯಾಕ್ ಥ್ರೆಶೋಲ್ಡ್ (ಬಾಟ್‌ಗೆ ಇಷ್ಟು ಖಾತ್ರಿ ಇಲ್ಲದಿದ್ದರೆ ಉತ್ತರ ಕೊಡಬಾರದು ಅನ್ನೋ ಮಿತಿ) 0.3 ಇದ್ದದ್ದನ್ನು 0.7ಕ್ಕೆ ಏರಿಸಿದರೆ, ಸರಿಯಾಗಿ ಕೇಳಿದವರಿಗೂ ‘ಅರ್ಥವಾಗಲಿಲ್ಲ’ ಅನ್ನತೊಡಗಿತು. ‘ಮತ್ತೆ ನಿಂಗೇನು ಅರ್ಥ ಆಗುತ್ತೆ?’ ಅಂತ ಒಬ್ಬರು ಬೈದೇ ಬಿಟ್ಟರು.

ಆಮೇಲೆ ಮೂರನ್ನೂ ಸೇರಿಸಿ ಒಂದೇ ಇಂಟೆಂಟ್ ಮಾಡಿದೆ. ಉಳಿದದ್ದನ್ನು ಬುಕಿಂಗ್ ಹೇಳುತ್ತೆ. ಸ್ಯಾಂಪಲ್ ತಗೊಂಡಿಲ್ಲವಾ, ಹುಡುಗನ ವಿಷಯ. ತಗೊಂಡಾಗಿದೆಯಾ, ರಿಪೋರ್ಟ್. ಕ್ಯಾನ್ಸಲ್ ಆಗಿದೆಯಾ, ದುಡ್ಡು. ಒಂದೇ ನಂಬರ್‌ನಲ್ಲಿ ಅಮ್ಮನದೂ ಮಗನದೂ ಎರಡು ಬುಕಿಂಗ್ ಇದ್ದರೆ ಮಾತ್ರ ಬಟನ್ ಕೊಟ್ಟು ಕೇಳುತ್ತೇನೆ. ಬಟನ್‌ಗೆ ವಾಟ್ಸಾಪ್ 20 ಅಕ್ಷರದ ಮಿತಿ ಇಟ್ಟಿದೆ. ‘ಸಕ್ಕರೆ ಪರೀಕ್ಷೆ ರಿಪೋರ್ಟ್’ ಕಣ್ಣಿಗೆ 9 ಅಕ್ಷರ, ಒತ್ತು-ಗುಣಿತ, ನಡುವಿನ ಜಾಗ ಎಲ್ಲ ಸೇರಿ ಅದರ ಲೆಕ್ಕಕ್ಕೆ 23! ಈಗ ಸುಮ್ನೆ ಪೇಷೆಂಟ್ ಹೆಸರು ಹಾಕುತ್ತೇನೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರೇ ಜಾಸ್ತಿ. ಅದನ್ನು ಕನ್ನಡ ಲಿಪಿಗೆ ತಿರುಗಿಸಿ ನೋಡಿದೆ, ಥೈರಾಯ್ಡ್ ಹೆಸರೇ ಕೆಟ್ಟುಹೋಯಿತು. ಕೈಬಿಟ್ಟೆ. ಕ್ಯಾರೆಕ್ಟರ್ ಎನ್-ಗ್ರಾಮ್ (ಪದವನ್ನು ಸಣ್ಣ ಸಣ್ಣ ಅಕ್ಷರ-ತುಣುಕಾಗಿ ನೋಡೋದು) ಇದ್ದರೆ ‘ಬಂದಿಲ್ಲ’ಕ್ಕೆ ಒಂದು ಎಲ್ ಹಾಕಲಿ, ಎರಡು ಹಾಕಲಿ, ಹಿಡಿಯುತ್ತೆ. ವಾಯ್ಸ್ ನೋಟ್ ಹಿಂದೆಯೂ ಕೆಲವು ವಾರ ಓಡಿದೆ. ಕುಕ್ಕರ್ ಸೀಟಿ ಮಧ್ಯೆ ಮಾತು ಹುಡುಕೋದು ನನ್ನಿಂದಾಗಲಿಲ್ಲ.

ಇನ್ನೊಂದು: ನಮ್ಮ ಜನ ‘ಸಾರ್’, ‘ನಿನ್ನೆಯಿಂದ’, ‘ಬಂದಿಲ್ಲ’ ಅಂತ ತುಂಡುತುಂಡಾಗಿ ಕಳಿಸ್ತಾರೆ. ಬಾಟ್ ಸ್ವಲ್ಪ ಕಾದು, ಎಲ್ಲ ಜೋಡಿಸಿಕೊಂಡೇ ಉತ್ತರಿಸಬೇಕು. ಎಷ್ಟು ಕಾಯಬೇಕು, ಯಾರಿಗೆ ಕಾಯಲೇಬಾರದು ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ.

ಈಗ ಸರ್ವರ್ ಖರ್ಚು ತಿಂಗಳಿಗೆ ಎರಡು ಸಾವಿರದ ಆಸುಪಾಸು. ಲ್ಯಾಬ್‌ಗೆ ಬರೋ ಫೋನ್ ಅರ್ಧಕ್ಕಿಂತ ಕಮ್ಮಿಯಾಗಿದೆ. ನಕ್ಕವರಲ್ಲಿ ಇಬ್ಬರು ಬಾಟ್‌ನ ಸೆಟ್ಟಿಂಗ್ ಇರೋ ಕಾನ್ಫಿಗ್ ಫೈಲ್ ಕೇಳಿದ್ದಾರೆ. ಕೊಟ್ಟಿದ್ದೇನೆ, ಕಾಯೋ ಭಾಗ ತೆಗೆದು.