‘ಸರ್ವರ್ ಇಲ್ಲ’ ಅಂದರೆ ಹಿಂಬರಹ ಕೇಳಿ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಮಲೆನಾಡಿನ ಯಾವ ಹೋಬಳಿಗೆ ಹೋದರೂ ಈ ಮಾತು ಕೇಳದವರು ಸಿಗುವುದಿಲ್ಲ. ನಾಡಕಚೇರಿ, ಗ್ರಾಮ ಪಂಚಾಯ್ತಿ, ಸೊಸೈಟಿ, ಸಬ್ ರಿಜಿಸ್ಟ್ರಾರ್ ಆಫೀಸು, ಎಲ್ಲ ಕಡೆ ಇದೇ ರಾಗ. ಹೇಳುವವರಿಗೆ ಸುಲಭ. ಕೇಳಿಸಿಕೊಂಡವರಿಗೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ನಾಳೆ ಬಂದರೆ ಮತ್ತೆ ಅದೇ ಖರ್ಚು.

ನಾನು ಹೊಸನಗರ ತಾಲ್ಲೂಕಿನ ಒಂದು ಹೋಬಳಿ ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಸಿಸ್ಟಮ್ ಅಡ್ಮಿನ್ ಆಗಿದ್ದೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಎದ್ದು ಕೂರಬೇಕಾದ ಕೆಲಸ. ಅಲ್ಲಿ ಐದು ನಿಮಿಷ ಬಿದ್ದರೂ ಎಷ್ಟು ಗಂಟೆಗೆ ಬಿತ್ತು, ಯಾವಾಗ ಎದ್ದಿತು, ಯಾಕೆ ಅಂತ ಬರೆದಿಡಬೇಕಿತ್ತು. ಇಲ್ಲಿ ದಿನಗಟ್ಟಲೆ ಬಿದ್ದರೂ ಜನರ ಕೈಗೆ ಒಂದು ಸಾಲು ಬರಹ ಸಿಗುವುದಿಲ್ಲ. ಸರ್ವರ್ ಅಂದಮೇಲೆ ಬೀಳುತ್ತದೆ, ಅದಕ್ಕೆ ನನಗೆ ಸಿಟ್ಟಿಲ್ಲ. ಬಿದ್ದಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲವಲ್ಲ, ಅದಕ್ಕೆ ಸಿಟ್ಟು. ಅದಕ್ಕೆ ದಾರಿ ಹಿಂಬರಹ, ಅಂದರೆ ನಮ್ಮ ಅರ್ಜಿಗೆ ಆಫೀಸು ಸಹಿ ಹಾಕಿ ಬರೆದುಕೊಡುವ ಉತ್ತರ. ಆ ಲೆಕ್ಕವನ್ನು ಬರೆಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಏನು ಹಾಳಾಗಿದೆ ನೋಡಿ

‘ಸರ್ವರ್ ಇಲ್ಲ’ ಅನ್ನುವುದರ ಒಳಗೆ ಏನೇನೋ ಅಡಗಿರುತ್ತದೆ. ಆಫೀಸಿನ ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಮಳೆಗೆ ಮರ ಬಿದ್ದು ಕೇಬಲ್ ಹರಿದಿರಬಹುದು. ಹೆಬ್ಬೆಟ್ಟು ಒತ್ತುವ ಯಂತ್ರ ಕೆಟ್ಟಿರಬಹುದು. ಓಟಿಪಿ ಬರದೇ ಇರಬಹುದು. ಆಪರೇಟರ್ ರಜೆಯ ಮೇಲೂ ಇರಬಹುದು, ಅದಕ್ಕೂ ಇದೇ ಹೆಸರು. ಇನ್ನು ಬೆಂಗಳೂರಿನಲ್ಲಿರುವ ನಿಜವಾದ ಸರ್ವರ್ ಕೂಡ ಬಿದ್ದಿರಬಹುದು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಡಿಡಾಸ್ ದಾಳಿ ಆಗಿತ್ತು. ಅಂದರೆ ಸುಳ್ಳು ಕೋರಿಕೆಗಳನ್ನು ರಾಶಿ ರಾಶಿ ಕಳಿಸಿ ಸರ್ವರ್‌ಗೆ ಉಸಿರಾಡಲು ಬಿಡದ ಹಾಗೆ ಮಾಡಿದ್ದರು. ಆಗ ರಾಜ್ಯದ ಉದ್ದಕ್ಕೂ ನೋಂದಣಿ ಕೆಲಸ ಕುಂಟಿತು. ಕೌಂಟರಿನಲ್ಲಿದ್ದವರು ಆ ದಿನಗಳಲ್ಲಿ ಹೇಳಿದ್ದು ನಿಜವೇ.

ಹಾಗಾಗಿ ಬಾಯಿ ಮಾಡುವ ಮೊದಲು ಫೋನ್ ತೆಗೆಯಿರಿ. ಅದೇ ಇಲಾಖೆಯ ಜಾಲತಾಣವನ್ನು ನಿಮ್ಮ ಮೊಬೈಲ್ ಡೇಟಾದಲ್ಲಿ ತೆರೆಯಿರಿ, ಆಫೀಸಿನ ವೈಫೈ ಬೇಡ. 502, 503 ಅಥವಾ 504 ಅಂತ ಸಂಖ್ಯೆ ಬಂದರೆ ತೊಂದರೆ ಇರುವುದು ದೂರದ ಸರ್ವರ್ ಕಡೆ. ಪುಟ ಸಲೀಸಾಗಿ ತೆರೆದುಕೊಂಡರೆ ತೊಂದರೆ ಆಫೀಸಿನ ಒಳಗೇ ಇರುವ ಸಾಧ್ಯತೆ ಜಾಸ್ತಿ. ಆದರೆ ಪಟ್ಟು ಹಿಡಿಯಬೇಡಿ. ಸಿಬ್ಬಂದಿ ಲಾಗಿನ್ ಆಗುವ ದಾರಿ ಬೇರೆ ಇರುತ್ತದೆ, ಮುಖಪುಟ ಬಂತು ಅಂದಮಾತ್ರಕ್ಕೆ ಒಳಗಿನದೆಲ್ಲ ಸರಿ ಇದೆ ಅಂತಲ್ಲ. ಯಾವುದೇ ಬರಲಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲ್ಗಡೆ ಗಂಟೆ ಕಾಣುವ ಹಾಗಿರಲಿ.

ನನ್ನ ಹಾಗೆ ಕಂಪ್ಯೂಟರ್ ಹುಚ್ಚಿರುವವರಿಗೆ ಒಂದು ಮಾತು. ‘ಈ ಸೈಟ್ ಬಿದ್ದಿದೆಯಾ’ ಅಂತ ಹೇಳುವ ವಿದೇಶಿ ಜಾಲತಾಣಗಳನ್ನು ನಂಬಬೇಡಿ. ನಮ್ಮ ಸರ್ಕಾರದ ಎಷ್ಟೋ ತಾಣಗಳು ಭಾರತದ ಹೊರಗಿನಿಂದ ತೆರೆಯುವುದೇ ಇಲ್ಲ. ಇಲ್ಲಿ ಚೆನ್ನಾಗಿ ನಡೆಯುತ್ತಿದ್ದರೂ ಅಲ್ಲಿಂದ ‘ಬಿದ್ದಿದೆ’ ಅಂತಲೇ ಉತ್ತರ ಬರುತ್ತದೆ. ಹೊರದೇಶದ ದಾರಿ ಹಿಡಿದು ಹೋಗುವ ವಿಪಿಎನ್ ಆನ್ ಇದ್ದರೂ ಅದೇ ಕಥೆ.

ಮುಖ್ಯವಾದ ಕಾಗದ

ಈಗ ಅಸಲು ವಿಷಯ. 2011ರ ಸಕಾಲ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ, ಆದರೆ ಹೊಣೆಯಾದವರೇ ಅದನ್ನು ಕೊಡಬೇಕಾಗುವುದರಿಂದ ಆಫೀಸಿನಲ್ಲಿ ಅದಕ್ಕೆ ಬೆಲೆಯಿದೆ. ಗಡಿಯಾರ ಓಡಲು ಶುರುವಾಗುವುದು ನಿಮಗೆ ಸ್ವೀಕೃತಿ ಸಿಕ್ಕಾಗ, ಅದರ ಮೇಲೆ 15 ಅಂಕಿಯ ಸಕಾಲ ಸಂಖ್ಯೆ ಇದ್ದಾಗ. ‘ಸರ್ವರ್ ಇಲ್ಲ’ ಅಂತ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಸಂಖ್ಯೆ ಹುಟ್ಟುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ಗಡುವಿಲ್ಲ, ತಡವೂ ಇಲ್ಲ. ನೀವು ಬಂದೇ ಇಲ್ಲ ಅಂತ ಲೆಕ್ಕ. ದಾಖಲೆಯಲ್ಲಿ ಆ ಆಫೀಸು ಎಲ್ಲ ಕೆಲಸವನ್ನೂ ಗಡುವಿನೊಳಗೆ ಮುಗಿಸಿದ ಹಾಗೆ ಕಾಣುತ್ತಿರುತ್ತದೆ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನಾನು ಅಂಗಡಿಗೆ ಬರುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಬರಿಗೈಯಲ್ಲಿ ವಾಪಸು ಬರಬೇಡಿ.

ಒಂದು ಬಿಳಿ ಹಾಳೆ ತೆಗೆದುಕೊಂಡು ಹೀಗೆ ಬರೆಯಿರಿ:

‘ಈ ದಿನ ಬೆಳಿಗ್ಗೆ 11-20ಕ್ಕೆ ಆದಾಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸಲು ಬಂದಿದ್ದು, ತಂತ್ರಾಂಶ ಕೆಲಸ ಮಾಡುತ್ತಿಲ್ಲ ಎಂದು ತಿಳಿಸಿದ್ದಾರೆ. ಈ ಅರ್ಜಿಯನ್ನು ಇಂದಿನ ದಿನಾಂಕದಲ್ಲೇ ಸ್ವೀಕರಿಸಿ, ತಂತ್ರಾಂಶ ಸರಿಯಾದ ಕೂಡಲೇ ದಾಖಲಿಸಿ ಸಕಾಲ ಸಂಖ್ಯೆ ನೀಡಬೇಕು. ಸ್ವೀಕರಿಸಲು ಸಾಧ್ಯವಿಲ್ಲದಿದ್ದರೆ ಕಾರಣ ತಿಳಿಸಿ ಹಿಂಬರಹ ನೀಡಬೇಕಾಗಿ ಕೋರಿಕೆ.’

ಎರಡು ಪ್ರತಿ ಮಾಡಿ. ಒಂದನ್ನು ಅದೇ ಆಫೀಸಿನ ಟಪಾಲು ವಿಭಾಗದಲ್ಲಿ (ಕಾಗದ ತೆಗೆದುಕೊಳ್ಳುವ ಕಡೆ) ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹಿಂಬರಹ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಕೌಂಟರಿನ ಗಾಳಿ ಬದಲಾಗುತ್ತದೆ. ಬಾಯಲ್ಲಿ ‘ಸರ್ವರ್ ಇಲ್ಲ’ ಅನ್ನುವುದು ಬೇರೆ, ಅದನ್ನೇ ಸಹಿ ಹಾಕಿ ಬರೆದುಕೊಡುವುದು ಬೇರೆ. ಬರೆದುಕೊಡಲು ಯಾರಿಗೂ ಮನಸ್ಸಿರುವುದಿಲ್ಲ. ‘ಸ್ವಲ್ಪ ಕೂತಿರಿ, ಇನ್ನೊಂದು ಸಲ ನೋಡ್ತೀನಿ’ ಅನ್ನುತ್ತಾರೆ. ಎಷ್ಟೋ ಸಲ ಆ ಇನ್ನೊಂದು ಸಲದಲ್ಲೇ ಕೆಲಸ ಆಗಿಬಿಡುತ್ತದೆ.

ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ಕಾಗದವನ್ನು ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ. ಹಳೇ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಅದನ್ನೇ ಕೇಳುತ್ತಾ ನಿಲ್ಲಬೇಡಿ. ರಸೀದಿಯನ್ನು ಕಾಗದದ ನಕಲಿಗೆ ಪಿನ್ ಮಾಡಿಟ್ಟುಕೊಳ್ಳಿ.

ಇದು ಅತಿ ಮುಖ್ಯವಾಗುವುದು ಕೊನೇ ದಿನಾಂಕ ಇರುವ ಕೆಲಸಗಳಲ್ಲಿ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುವುದು ಮಳೆಗಾಲದ ಹೊತ್ತಿಗೆ. ಕರೆಂಟು ಹೋಗುವುದೂ ಆಗಲೇ, ಎಲ್ಲರೂ ಕೊನೇ ದಿನ ಮುಗಿಬೀಳುವುದೂ ಆಗಲೇ. ವಿದ್ಯಾರ್ಥಿವೇತನದ್ದೂ ಹೀಗೇ. ಗಡುವಿನೊಳಗೆ ನೀವು ಬಂದಿದ್ದಿರಿ ಅನ್ನುವುದಕ್ಕೆ ಆ ಸೀಲು ಮತ್ತು ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಹಾಂ, ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ರೇಗಬೇಡಿ. ಬಹಳ ಕಡೆ ಅವನು ಹೊರಗುತ್ತಿಗೆಯವನು, ಅವನ ಸಂಬಳವೇ ತಡವಾಗಿ ಬರುತ್ತಿರುತ್ತದೆ. ಕಾಗದ ಅವನ ಮೇಲಿನವರಿಗೆ ಹೋಗಲಿ.

ಸೊಸೈಟಿಯಲ್ಲಿ ಹೆಬ್ಬೆಟ್ಟು ತಗೊಳ್ಳದಿದ್ದರೆ

‘ಎಂತ ಮಾಡದು ಮಾರಾಯ್ತಿ, ನನ್ನ ಹೆಬ್ಬೆಟ್ಟೇ ತಗಳಲ್ಲ ಅದು’ ಅಂತ ಹೇಳಿಕೊಂಡು ಬರುವವರು ಅಡಿಕೆ ಸುಲಿಯುವ ಕಾಲದಲ್ಲಿ ಜಾಸ್ತಿ. ಮೆಟ್ಟುಗತ್ತಿಯ ಮುಂದೆ ತಿಂಗಳುಗಟ್ಟಲೆ ಕೂತವರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಅದರ ಮೇಲೆ ಚೊಗರಿನ, ಅಂದರೆ ಅಡಿಕೆಯ ಒಗರು ರಸದ, ಕಪ್ಪು ಬೇರೆ. ಅದಕ್ಕೆ ರೇಷನ್ ಅಕ್ಕಿ ಇಲ್ಲ ಅನ್ನುವ ಹಾಗಿಲ್ಲ. ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರಂದು ಸುತ್ತೋಲೆ ಹೊರಡಿಸಿದೆ. ನೆಟ್‌ವರ್ಕ್ ಇಲ್ಲ, ಕರೆಂಟಿಲ್ಲ, ಬೆರಳು ಹೊಂದುತ್ತಿಲ್ಲ ಅನ್ನುವ ಕಾರಣಕ್ಕೆ ಸೌಲಭ್ಯ ತಪ್ಪಿಸಬಾರದು, ಬೇರೆ ದಾರಿಯಲ್ಲಿ ಗುರುತು ನೋಡಿ ಕೊಟ್ಟು, ಅದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕು ಅಂತ ಅದರಲ್ಲಿದೆ. 2018ರ ಆಧಾರ್ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ಇದನ್ನು ಗಮನಿಸಿದೆ. ಮೊದಲು ಕಾರ್ಡಿನಲ್ಲಿರುವ ಮನೆಯ ಬೇರೆ ಯಾರಾದರೂ ಹೆಬ್ಬೆಟ್ಟು ಒತ್ತಿ ನೋಡಲಿ. ಆಗದಿದ್ದರೆ ಓಟಿಪಿ. ಅದೂ ಆಗದಿದ್ದರೆ ಆ ಸುತ್ತೋಲೆಯ ನಕಲು ತೋರಿಸಿ. ಆಮೇಲೂ ಇಲ್ಲ ಅಂದರೆ ಮೇಲಿನ ಅದೇ ರೀತಿಯ ಕಾಗದ, ಈ ಸಲ ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ.

ದಾಖಲೆ ಬಿಟ್ಟುಬರುವಾಗ

ಸರ್ವರ್ ಬಿದ್ದಾಗ ಜನ ಇನ್ನೊಂದು ಕೆಲಸ ಮಾಡುತ್ತಾರೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಎಲ್ಲದರ ನಕಲನ್ನು ನಮ್ಮಂಥ ಅಂಗಡಿಯವರ ಕೈಗೆ ಕೊಟ್ಟು, ‘ಸರ್ವರ್ ಬಂದಾಗ ನೀವೇ ಹಾಕಿ, ಓಟಿಪಿ ಫೋನ್ ಮಾಡಿ ಕೇಳಿ’ ಅಂತ ಬಸ್ ಹತ್ತುತ್ತಾರೆ. ಅಂಗಡಿ ನಡೆಸುವವಳಾಗಿಯೇ ಹೇಳುತ್ತೇನೆ, ಹಾಗೆ ಮಾಡಬೇಡಿ. ಆ ಫೈಲುಗಳು ಅಂಗಡಿಯ ವಾಟ್ಸಾಪಿನಲ್ಲಿ, ಡೌನ್‌ಲೋಡ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ, ಅಷ್ಟೇ ಅದು. ಊರಲ್ಲಿ ಅದು ಯಾರಿಗೆ ಗೊತ್ತಿಲ್ಲ? ಗುರುತಿಗೆ ಮಾತ್ರ ಬೇಕಿದ್ದರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ನಕಲಿನ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಅಂತ ಅಡ್ಡ ಬರೆಯಿರಿ. ಓಟಿಪಿ ಹೇಳುವ ಮೊದಲು ಆ ಮೆಸೇಜಿನಲ್ಲಿ ಏನಿದೆ ಅಂತ ಪೂರ್ತಿ ಓದಿ. ಕೆಲಸ ಮುಗಿದ ಮೇಲೆ ‘ಅಕ್ಕಾ, ನಮ್ಮದು ಡಿಲೀಟ್ ಮಾಡಿ’ ಅಂತ ನಿಂತು ಮಾಡಿಸಿ. ನಾನಂತೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪದೇ ಪದೇ ಆದರೆ ಮಾಹಿತಿ ಹಕ್ಕು

ಒಂದು ಸಲ ಆಗಿದ್ದಕ್ಕೆ ಮೇಲಿನದು ಸಾಕು. ತಿಂಗಳಿಡೀ ಇದೇ ಹಾಡಾದರೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ಕೈಹಾಕಿ. ಅರ್ಜಿ ಕನ್ನಡದಲ್ಲೇ ಇರಲಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಲಗತ್ತಿಸಿ. ರಾಜ್ಯದ ಆರ್‌ಟಿಐ ಆನ್‌ಲೈನ್ ತಾಣವೂ ಇದೆ (ಅದರ ಸರ್ವರ್ ಇದ್ದರೆ!). ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಸರ್ವರ್ ಯಾವ ಇಲಾಖೆಯದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ತಾಲ್ಲೂಕು ಕಚೇರಿಗೆ ಹಾಕಿ. ತಮ್ಮದಲ್ಲದ ವಿಷಯವನ್ನು 5 ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸುವುದು ಅವರ ಕೆಲಸ.

‘ಸರ್ವರ್ ಯಾಕೆ ಇರುವುದಿಲ್ಲ?’ ಅಂತ ಕೇಳಿದರೆ ಕೆಟ್ಟಿತು. ‘ಯಾಕೆ’ಗೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ, ಇರುವ ದಾಖಲೆ ಕೊಡುವ ಹೊಣೆ ಇದೆ. ಆದ್ದರಿಂದ ದಾಖಲೆ ಕೇಳಿ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ತಂತ್ರಾಂಶ ನಿಂತ ದಿನಾಂಕ, ನಿಂತ ಸಮಯ, ಮತ್ತೆ ಶುರುವಾದ ಸಮಯದ ದಾಖಲೆ. ಆ ಬಗ್ಗೆ ಈ ಆಫೀಸಿನಿಂದ ಮೇಲಿನವರಿಗೆ ಹೋದ ಪತ್ರ, ಇಮೇಲ್, ದೂರು ಸಂಖ್ಯೆಗಳ ನಕಲು. ನಿರ್ವಹಣೆ ಗುತ್ತಿಗೆಯಲ್ಲಿದ್ದರೆ, ಸರ್ವರ್ ತಿಂಗಳಿಗೆ ಶೇಕಡಾ ಎಷ್ಟು ಹೊತ್ತು ನಡೆಯಬೇಕು, ತಪ್ಪಿದರೆ ಎಷ್ಟು ದಂಡ ಅನ್ನುವ ಪುಟ, ಇದುವರೆಗೆ ಹಾಕಿದ ದಂಡದ ವಿವರ. ಕೊನೆಯಲ್ಲಿ ‘ಕಂಪ್ಯೂಟರಿನಲ್ಲಿ ಇರುವುದನ್ನು ಅದೇ ರೂಪದಲ್ಲಿ ಇಮೇಲ್ ಮೂಲಕ ಅಥವಾ ಸಿಡಿಯಲ್ಲಿ ಕೊಡಿ’ ಅಂತ ಸೇರಿಸಿ. ಎಕ್ಸೆಲ್ ಫೈಲನ್ನು ಪ್ರಿಂಟ್ ಹಾಕಿ, ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ ಕೈಗೆ ಕೊಟ್ಟರೆ ನಮ್ಮಂಥವರಿಗೆ ಕೂಡಿ ಕಳೆಯುವುದೇ ಒಂದು ಕೆಲಸ.

ಐಪಿ ವಿಳಾಸ, ನೆಟ್‌ವರ್ಕ್ ನಕ್ಷೆ ಕೇಳಬೇಡಿ. ಭದ್ರತೆ ಅನ್ನುವ ನೆಪ ನೀವೇ ಕೊಟ್ಟ ಹಾಗಾಗುತ್ತದೆ. ಆಪರೇಟರ್ ಹೆಸರು, ಹಾಜರಾತಿಯೂ ಬೇಡ. ಡಿಜಿಟಲ್ ಡೇಟಾ ರಕ್ಷಣೆ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ‘ವೈಯಕ್ತಿಕ ಮಾಹಿತಿ’ ಅಂತ ತಳ್ಳಿಹಾಕುವುದು ಈಗ ಮೊದಲಿಗಿಂತ ಸುಲಭ. ಜನರ ಖಾಸಗಿತನ ಕಾಯಲು ಬಂದ ಕಾಯ್ದೆ ಮೊದಲು ಅಧಿಕಾರಿಗಳ ನೆರವಿಗೆ ಬಂತು ಅನ್ನುವುದು ನನ್ನ ಅಭಿಪ್ರಾಯ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಬಂದಿದ್ದು ಅರೆಬರೆ ಇದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಅಲ್ಲಿ ಸರತಿ ಉದ್ದ ಇದೆ, ತಾಳ್ಮೆ ಬೇಕು. ‘ಅಂಥ ದಾಖಲೆ ನಮ್ಮಲ್ಲಿಲ್ಲ’ ಅಂತ ಉತ್ತರ ಬಂದರೆ ಬೇಜಾರಾಗಬೇಡಿ. ಬಿದ್ದಿದ್ದನ್ನು ಬರೆದಿಡುವುದೇ ಇಲ್ಲ ಅಂತ ಅವರೇ ಸಹಿ ಹಾಕಿ ಕೊಟ್ಟ ಹಾಗಾಯಿತು. ಅದನ್ನು ಲಗತ್ತಿಸಿ ಜಿಲ್ಲಾಧಿಕಾರಿಗೆ, ಶಾಸಕರಿಗೆ ಪತ್ರ ಬರೆಯಿರಿ.

ದಾಖಲೆ ಬಂದರೆ ಗಣಿತ ಮಾಡಿ. ಶೇಕಡಾ 99 ನಡೆಯಬೇಕು ಅಂತ ಗುತ್ತಿಗೆಯಲ್ಲಿದ್ದರೆ 30 ದಿನದ ತಿಂಗಳಲ್ಲಿ 7 ಗಂಟೆ 12 ನಿಮಿಷ ಮಾತ್ರ ನಿಲ್ಲಬಹುದು. 99.9 ಅಂದರೆ 43 ನಿಮಿಷ. ಆದರೆ ಆ ಲೆಕ್ಕ ರಾತ್ರಿಯನ್ನೂ ಸೇರಿಸಿದ್ದೋ, ಬರೀ ಆಫೀಸು ಹೊತ್ತಿನದೋ ನೋಡಿ. ರಾತ್ರಿಯೆಲ್ಲ ಚೆನ್ನಾಗಿ ನಡೆದು ಹಗಲು ಹನ್ನೊಂದಕ್ಕೆ ನಿಲ್ಲುವ ಸರ್ವರ್ ಕಾಗದದಲ್ಲಿ ಒಳ್ಳೆಯ ಸರ್ವರ್!

ಹೋಲಿಸಿ ನೋಡಲು ನಿಮ್ಮದೇ ದಾಖಲೆ ಇದ್ದರೆ ಒಳ್ಳೆಯದು. ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇರುವ ಹುಡುಗರು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ನಡೆಸುವ ತಂತ್ರಾಂಶ) ಒಂದು ಸಾಲಿನ ಕರ್ಲ್ (ಜಾಲತಾಣ ತೆರೆದು ನೋಡುವ ಆಜ್ಞೆ) ಹಾಕಿ, 15 ನಿಮಿಷಕ್ಕೊಮ್ಮೆ ಮುಖಪುಟ ತೆರೆಯಿತಾ, ಯಾವ ಸಂಖ್ಯೆ ಬಂತು ಅಂತ ಫೈಲಿಗೆ ಬರೆಸಬಹುದು. ಮುಖಪುಟ ಮಾತ್ರ. ಲಾಗಿನ್ ಪುಟಕ್ಕೆ ಸ್ಕ್ರಿಪ್ಟ್ ಹಾಕುವುದು, ಸೆಕೆಂಡಿಗೊಮ್ಮೆ ಬಡಿಯುವುದು ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇರುವುದು ಅಂಥದ್ದಕ್ಕೇ. ನಿಮ್ಮ ಕರೆಂಟು ಹೋದ ಹೊತ್ತನ್ನು ಆ ಫೈಲಿನಿಂದ ತೆಗೆದುಹಾಕಿ, ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಎಲ್ಲ ಸರ್ವರೂ ಬಿದ್ದ ಹಾಗೇ ಕಾಣುತ್ತದೆ.