ಅಡಿಕೆ ಸುಲಿಯುವವರ ಸೊಂಟನೋವು: ಫಿಸಿಯೋಥೆರಪಿಯಲ್ಲಿ ನನ್ನ ಅನುಭವ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾದ ಕೆಲವೇ ವಾರಗಳಲ್ಲಿ, ಸೊಂಟ, ಕುತ್ತಿಗೆ ಅಥವಾ ಹೆಬ್ಬೆರಳಿನ ಬುಡ ನೋಯುತ್ತದೆಂದು ನನ್ನ ಬಳಿ ಬರುವ ಹೆಂಗಸರ ಸಂಖ್ಯೆ ಏರುತ್ತದೆ. ಅವರಲ್ಲಿ ಹೆಚ್ಚಿನವರು ತಡರಾತ್ರಿಯವರೆಗೂ ಮೆಟ್ಟುಗತ್ತಿಯ (ಕಾಲಿನಿಂದ ಮೆಟ್ಟಿ ಹಿಡಿಯುವ ಕತ್ತಿ) ಮುಂದೆ ಕುಳಿತು ಹಸಿ ಅಡಿಕೆ ಸುಲಿಯುವವರು. ಸುಲಿದಷ್ಟಕ್ಕೆ ಕೂಲಿ ಸಿಗುವುದರಿಂದ ಅವರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದಷ್ಟೇ ಹೇಳಿ ಕಳಿಸುವುದು ಚಿಕಿತ್ಸೆಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕಾಲಿಗೆ ಜೋಮು ಇಳಿಯುತ್ತದೆಯೇ, ಮೂತ್ರದ ಮೇಲಿನ ಹಿಡಿತ ತಪ್ಪಿದೆಯೇ, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ಕುಂದಿದೆಯೇ, ಜ್ವರವಿದೆಯೇ ಎಂದು ನಾನು ಮೊದಲು ಕೇಳುತ್ತೇನೆ. ಮೂತ್ರದ ಹಿಡಿತ ತಪ್ಪಿದ್ದರೆ ಅಥವಾ ಸ್ಪರ್ಶಜ್ಞಾನ ಕುಂದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಇಂಥದ್ದೇನೂ ಇಲ್ಲದಿದ್ದರೆ, ಸುಲಿಯುವಾಗ ಕೂರುವಂತೆಯೇ ನನ್ನೆದುರು ಕುಳಿತು ತೋರಿಸಲು ಹೇಳುತ್ತೇನೆ.

ಆ ಭಂಗಿಯಲ್ಲೇ ಅರ್ಧ ಉತ್ತರ ಸಿಗುತ್ತದೆ. ಮಣೆ ತಗ್ಗಾಗಿದ್ದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ, ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗ ಗಂಟೆಗಟ್ಟಲೆ ಗೂನಾಗಿಯೇ ಉಳಿಯುತ್ತದೆ. ಬುಟ್ಟಿ ಪಕ್ಕದಲ್ಲಿದ್ದರೆ ಪ್ರತಿ ಹಿಡಿ ಅಡಿಕೆಗೂ ಮೈ ತಿರುಚಬೇಕು. ಆದ್ದರಿಂದ ಮಡಚಿದ ಗೋಣಿಚೀಲ ಹಾಕಿ ಕೂರುವ ಜಾಗವನ್ನು ಎತ್ತರಿಸುವುದು, ಬುಟ್ಟಿಯನ್ನು ಕೈಗೆಟಕುವಂತೆ ಮುಂದಕ್ಕೆ ತರುವುದು ನನ್ನ ಮೊದಲ ಸಲಹೆ. ಕೂರುವ ಜಾಗ ಮಾತ್ರ ಎತ್ತರವಾಗಿ ಕತ್ತಿ ತಗ್ಗಿನಲ್ಲೇ ಉಳಿದರೆ ಕುತ್ತಿಗೆ ಇನ್ನಷ್ಟು ಬಾಗುತ್ತದೆ. ಹಾಗಾಗಿ ಕತ್ತಿಯ ಅಡಿಗೂ ಅಲುಗಾಡದಂತೆ ಮರದ ತುಂಡೊಂದನ್ನು ಜೋಡಿಸಿಕೊಳ್ಳಬೇಕು.

“ದಿನಾ ಬಗ್ಗಿ ಏಳೋರಿಗೆ ಮತ್ತ್ಯಾವ ವ್ಯಾಯಾಮ ಮೇಡಂ?” ಎಂದು ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸುಲಿತದಲ್ಲಿ ಬೆನ್ನು ಒಂದೇ ದಿಕ್ಕಿಗೆ ಬಾಗಿರುತ್ತದೆ, ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಬುಟ್ಟಿ ಖಾಲಿಯಾದಾಗಲೆಲ್ಲ ಎದ್ದು, ಸೊಂಟದ ಮೇಲೆ ಕೈಯಿಟ್ಟು 8–10 ಬಾರಿ ನಿಧಾನವಾಗಿ ಹಿಂದಕ್ಕೆ ಬಾಗಬೇಕು. ಹಾಗೆ ಬಾಗುವಾಗ ನೋವು ಕಾಲಿಗೆ ಇಳಿದರೆ ನಿಲ್ಲಿಸಬೇಕು. ಬೆಳಿಗ್ಗೆ ಹಾಸಿಗೆಯಲ್ಲೇ ಮೊಣಕಾಲು ಮಡಚಿ ಮಲಗಿ, ಪೃಷ್ಠವನ್ನು ಮೇಲೆತ್ತಿ ಇಳಿಸುವುದನ್ನೂ ಕಲಿಸುತ್ತೇನೆ. ಗಡಿಯಾರ ನೋಡಿ ಏಳಿ ಎಂದರೆ ಮರೆತುಹೋಗುತ್ತದೆ, ಖಾಲಿ ಬುಟ್ಟಿ ತಾನಾಗಿಯೇ ನೆನಪಿಸುತ್ತದೆ.

ಬೆಲ್ಟ್ ಕಟ್ಟಿಕೊಂಡು ಬರುವವರೂ ಬಹಳ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ, ಬೆಲ್ಟನ್ನು ವಾಡಿಕೆಯ ಚಿಕಿತ್ಸೆಯಾಗಿ ಒಪ್ಪುವುದಿಲ್ಲ. ನಾನೂ ಅದನ್ನು ಹಂತಹಂತವಾಗಿ ಬಿಡಿಸುತ್ತೇನೆ. ಶಾಖ ಕೊಟ್ಟರೆ ಹಾಯೆನಿಸುವುದು ನಿಜ, ಆದರೆ ಮತ್ತೆ ಅದೇ ತಗ್ಗು ಮಣೆಯಲ್ಲಿ ಕುಳಿತರೆ ಆ ಹಾಯಿ ಉಳಿಯುವುದಿಲ್ಲ.

ಹೆಬ್ಬೆರಳಿನ ನೋವಿಗೆ ದಾರಿ ಬೇರೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದಾಗ ಚುರುಕ್ಕೆಂದು ನೋವು ಬಂದರೆ, ಅಲ್ಲಿನ ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರುಗಳ) ಕವಚ ಕೆರಳಿರುವ ಸಾಧ್ಯತೆ ಹೆಚ್ಚು. ಅದನ್ನು ಡಿ ಕ್ವೆರ್ವೇನ್ ತೊಂದರೆ ಎನ್ನುತ್ತೇವೆ. ರಾತ್ರಿ ಹೆಬ್ಬೆರಳಿಗೆ ಅದು ಅಲುಗಾಡದಂತೆ ಹಿಡಿಯುವ ಸ್ಪ್ಲಿಂಟ್ ಹಾಕಿಸುತ್ತೇನೆ, ಸಿಪ್ಪೆ ಬಿಡಿಸುವಾಗ ಮಣಿಕಟ್ಟು ಆದಷ್ಟು ನೇರವಾಗಿರುವಂತೆ ಅಭ್ಯಾಸ ಮಾಡಿಸುತ್ತೇನೆ. ನೋವು ತಗ್ಗಿದ ಮೇಲಷ್ಟೇ ರಬ್ಬರ್ ಬ್ಯಾಂಡಿನಿಂದ ಬಲ ತುಂಬುವ ವ್ಯಾಯಾಮ.

ಮರಳಿ ಬಂದಾಗ ನೋವು ಎಷ್ಟಿದೆ ಎಂಬುದಕ್ಕಿಂತ ಮೊದಲು, ಎಷ್ಟು ಬುಟ್ಟಿ ಸುಲಿಯುವವರೆಗೆ ನೋವಿಲ್ಲದೆ ಕೂರಲು ಆಯಿತು ಎಂದು ಕೇಳುತ್ತೇನೆ. ಆ ಉತ್ತರ ನೋಡಿಯೇ ಮುಂದಿನ ವಾರದ ವ್ಯಾಯಾಮವನ್ನು ಹೆಚ್ಚಿಸುತ್ತೇನೆ ಅಥವಾ ಇಳಿಸುತ್ತೇನೆ.