ಬಸವನಹುಳು ಹಿಡಿಯೋಕೆ ಬೇಸಿಗೆಯೇ ಸರಿ

ಮೊದಲ ಸಲ ನೋಡಿದಾಗ ನನಗೆ ಖುಷಿಯೇ ಆಗಿತ್ತು. ಅಂಗೈ ಉದ್ದದ ಶಂಖ, ಕಂದು ಮೈಮೇಲೆ ತಿಳಿ ಬಣ್ಣದ ಗೀರು. ಸುಣ್ಣ ಬಳಿದ ಗೋಡೆಗೆ ಅಂಟಿಕೊಂಡು ಕೂತಿತ್ತು. ಅದು ಗೋಡೆಯ ಸುಣ್ಣವನ್ನೇ ಕೆರೆದು ತಿನ್ನುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಚಿಪ್ಪು ಬೆಳೆಯಬೇಕಲ್ವಾ! ತಿಂಗಳೊಳಗೆ ಪಪ್ಪಾಯಿ ಸಸಿಗಳಿಗೆ ದಂಟು ಮಾತ್ರ ಉಳಿಯಿತು.

ಇದು ಆಫ್ರಿಕದ ದೈತ್ಯ ಬಸವನಹುಳು. ತವರು ಪೂರ್ವ ಆಫ್ರಿಕ. ಭಾರತಕ್ಕೆ ತಾನಾಗಿ ಬಂದದ್ದಲ್ಲ. ಚಿಪ್ಪುಗಳ ಹುಚ್ಚಿದ್ದ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದದ್ದು. ನನ್ನ ತೋಟಕ್ಕೆ ತಂದವನು ನಾನೇ. ಹೂವಿನ ಕುಂಡವೊಂದನ್ನು ಮಣ್ಣಿನ ಸಮೇತ ತಂದು ಮೂಲೆಯಲ್ಲಿ ಇಟ್ಟಿದ್ದೆ. ಮೊದಲು ಹುಳು ಕಂಡದ್ದೂ ಅದೇ ಮೂಲೆಯಲ್ಲಿ.

ಮೊದಲು ಮಾಡಿದ ಕೆಲಸ, ಹುಳುಗಳ ಮೇಲೆ ಉಪ್ಪು ಸುರಿದದ್ದು. ಹುಳು ಸತ್ತವು, ಜೊತೆಗೆ ಆ ಪಾತಿಯ ಸಸಿಗಳೂ ಸತ್ತವು. ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆ ತರೋಣ ಅಂದರೆ ಮನೆಯಲ್ಲಿ ನಾಯಿ ಇದೆ. ಆ ಗುಳಿಗೆ ನಾಯಿಗೂ ವಿಷವೇ.

ಕೊನೆಗೆ ಕೈಯಿಂದಲೇ ಹೆಕ್ಕಲು ಶುರು ಮಾಡಿದೆ. ಸಂಜೆ ಗೋಣಿಚೀಲ ನೆನೆಸಿ, ಅದರಡಿ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಹರಡುತ್ತಿದ್ದೆ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು, ಬೆಳಿಗ್ಗೆ ಗೋಣಿ ಎತ್ತಿ ಇನ್ನೊಂದು ಸುತ್ತು. ಸಿಕ್ಕಿದ್ದನ್ನೆಲ್ಲ ಉಪ್ಪು ಜಾಸ್ತಿ ಹಾಕಿದ ಬಕೆಟ್ ನೀರಿಗೆ ಹಾಕಿ, ಮಾರನೆಯ ದಿನ ಆಳವಾಗಿ ಹೂಳುವುದು. ಕೈಗವಸು ಮಾತ್ರ ಬಿಡಬೇಡಿ. ಈ ಹುಳುವಿನೊಳಗೆ ಇಲಿಗಳಿಂದ ಬರುವ ಒಂದು ಪರಾವಲಂಬಿ ಜಂತು ಇರಬಹುದು. ಅದು ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರುತ್ತದೆ. ಹುಳು ಓಡಾಡಿದ ಸೊಪ್ಪನ್ನು ಹಸಿಯಾಗಿ ತಿನ್ನುವುದನ್ನೂ ನಾವು ಬಿಟ್ಟೆವು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ವಾರ ನಮ್ಮ ಊರಿನವೇ ಆದ ಚಿಕ್ಕ ಬಸವನಹುಳುಗಳನ್ನೂ ಸುಮ್ನೆ ಬಕೆಟ್‌ಗೆ ಹಾಕಿಬಿಟ್ಟಿದ್ದೆ. ಪಾಪ, ಅವು ಕೊಳೆತ ಎಲೆ ತಿಂದುಕೊಂಡು ಇದ್ದಂಥವು.

ಇಡೀ ಮಳೆಗಾಲ ಹೀಗೇ ಹೆಕ್ಕಿದೆ. ಪ್ರತಿ ರಾತ್ರಿಯ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟೆ. ಎರಡು ವಾರ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಏರಿದಾಗ ಸಿಗುತ್ತಿದ್ದದ್ದೆಲ್ಲ ಉಗುರಿನಷ್ಟು ಮರಿಗಳು. ಒಂದೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಂದು ಸಲ ಕೂಡಿದರೆ ತಿಂಗಳುಗಟ್ಟಲೆ ಆಗಾಗ ಮೊಟ್ಟೆ ಇಡಬಲ್ಲದು, ಸಲಕ್ಕೆ ನೂರು, ಇನ್ನೂರು. ಕುಂಡದ ಬುಡ ಕೆದಕಿದಾಗ ಮೊಟ್ಟೆ ಕಂಡೆ. ನೆನೆಸಿದ ಸಾಬಕ್ಕಿಯ ಹಾಗೆ, ತಿಳಿ ಹಳದಿ, ಒಂದಕ್ಕೊಂದು ಒತ್ತಿಕೊಂಡು. ನಾನು ದೊಡ್ಡವನ್ನು ಹೆಕ್ಕುತ್ತಿದ್ದರೆ ಕೆಳಗೆ ಮುಂದಿನ ಸಾಲು ತಯಾರಾಗುತ್ತಿತ್ತು.

ಬೇಸಿಗೆಯಲ್ಲಿ ಒಂದೂ ಕಾಣಲಿಲ್ಲ. ಗೆದ್ದೆ ಅಂದುಕೊಂಡೆ. ಒಂದು ದಿನ ಯಾವುದೋ ಕೆಲಸಕ್ಕೆ ಹಳೇ ಹೆಂಚಿನ ರಾಶಿ ಸರಿಸಿದೆ. ಒಳಗೆ ಸಾಲುಸಾಲಾಗಿ ಶಂಖಗಳು, ಪ್ರತಿಯೊಂದರ ಬಾಯಿಗೂ ತೆಳುವಾದ ಬಿಳಿ ಪದರ. ಬಿಸಿಲು ಕಾಲಕ್ಕೆ ಬಾಗಿಲು ಹಾಕಿಕೊಂಡು ಮಲಗಿದ್ದವು. ಮಳೆಗಾಲದಲ್ಲಿ ಒಂದು ವಾರ ಹೆಕ್ಕುತ್ತಿದ್ದಷ್ಟು ಅರ್ಧ ಗಂಟೆಯಲ್ಲಿ ಸಿಕ್ಕವು. ಆಮೇಲೆ ಬಿಡಲಿಲ್ಲ. ಒಡೆದ ಕುಂಡ, ಕಟ್ಟಿಗೆ ರಾಶಿ, ಬಾಳೆಯ ಒಣ ಸಿಪ್ಪೆ, ಗೋಡೆಯ ಬಿರುಕು, ಎಲ್ಲ ತಡಕಿದೆ.

ಆ ವರ್ಷದ ಮೊದಲ ಮಳೆಗೆ ಟಾರ್ಚ್ ಹಿಡಿದು ಹೋದರೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಪಕ್ಕದ ಮನೆ ಅಣ್ಣ, "ಇದನ್ನು ತಿನ್ನೋ ಪ್ರಾಣಿ ಯಾವುದಾದ್ರೂ ತಂದು ಬಿಡಬಾರ್ದಾ?" ಅಂದರು. ಹವಾಯಿಯಲ್ಲಿ 1955ರಲ್ಲಿ ಹಾಗೇ ಮಾಡಿದ್ದರು. ಬೇರೆ ಬಸವನಹುಳುಗಳನ್ನು ಬೇಟೆಯಾಡುವ ಅಮೆರಿಕದ ಒಂದು ಜಾತಿಯನ್ನು ತಂದು ಬಿಟ್ಟರು. ಅದು ಈ ದೈತ್ಯನನ್ನು ಬಿಟ್ಟು ಅಲ್ಲಿಯದೇ ಪುಟಾಣಿ ಹುಳುಗಳ ಮೇಲೆ ಬಿತ್ತು. ಇದನ್ನು ಹೇಳಿದ ಮೇಲೆ ಅಣ್ಣ, "ಹಾಗಾದ್ರೆ ಬೇಡಪ್ಪ, ನಮ್ಮ ಹೆಂಚಿನ ರಾಶಿನೂ ಒಂದ್ಸಲ ನೋಡು ಬಾ" ಅಂದರು. ಅಲ್ಲೂ ಇದ್ದವು. ಬೇಲಿ ದಾಟಿ ನಮ್ಮ ಕಡೆ ಬರುತ್ತಿದ್ದದ್ದು ಎಲ್ಲಿಂದ ಅಂತ ಆಗ ತಿಳಿಯಿತು.

ಈಗ ಹೊಸ ಗಿಡ ತಂದರೆ ಮಣ್ಣನ್ನೆಲ್ಲ ಹಾಳೆಯ ಮೇಲೆ ಸುರಿದು, ಸಾಬಕ್ಕಿ ಇದೆಯಾ ಅಂತ ನೋಡಿಯೇ ಒಳಗೆ ತರುತ್ತೇನೆ.